ಮಾತ್ರೆ ಮಾಡುವುದೆಷ್ಟು, ಮಾಡದಿರುವುದೆಷ್ಟು

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವ, ಚಡಪಡಿಕೆಯ, ದುಡುಕಿನ ತೊಂದರೆ ಇರುವ ಮಕ್ಕಳಿಗೆ ಕೊಡುವ ಉತ್ತೇಜಕ ಮಾತ್ರೆಯ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತು ಓಡಾಡುತ್ತದೆ. ಶಾಲೆಯ ಗೇಟಿನ ಬಳಿ ಮಕ್ಕಳಿಗಾಗಿ ಕಾಯುವ ತಾಯಂದಿರಲ್ಲಿ, "ಅದನ್ನ ಕೊಟ್ರೆ ಮಗು ಮಂಕಾಗಿಬಿಡುತ್ತಂತೆ ಕಣ್ರೀ, ಆಮೇಲೆ ಬಿಡಿಸೋಕೂ ಆಗಲ್ವಂತೆ" ಎಂಬ ಪಿಸುಮಾತು. ಕೋಚಿಂಗ್ ಸೆಂಟರಿನ ಹಾಸ್ಟೆಲಿನಲ್ಲಿ, "ಒಂದು ನುಂಗು ಮಗಾ, ರಾತ್ರಿಯೆಲ್ಲ ಓದ್ಬೋದು" ಎಂಬ ಉಪದೇಶ. ಒಂದು ಹೆದರಿಕೆ, ಇನ್ನೊಂದು ಆಸೆ. ಎರಡರ ಬೇರೂ ಒಂದೇ: ಮಾತ್ರೆ ಮನುಷ್ಯನನ್ನೇ ಬೇರೆ ಮಾಡಿಬಿಡುತ್ತದೆ ಎಂಬ ನಂಬಿಕೆ. ನಿಜಕ್ಕೂ ಮಾತ್ರೆ ಮಾಡುವ ಕೆಲಸ ಬಹಳ ಸಣ್ಣದು. ಕೆಲವು ಗಂಟೆಗಳ ಮಟ್ಟಿಗೆ ಬೇಸರದ ಕೆಲಸವನ್ನು ಸಹಿಸಿಕೊಳ್ಳುವ ಹಾಗೆ ಮಾಡುತ್ತದೆ. ಮನಸ್ಸಿಗೆ ಬಂದದ್ದಕ್ಕೂ ಕೈ ಮಾಡುವುದಕ್ಕೂ ನಡುವೆ ಒಂದಿಷ್ಟು ಬಿಡುವು ತರುತ್ತದೆ. ಇಷ್ಟೇ. ಕೆಲವು ಮಕ್ಕಳ ಪಾಲಿಗೆ ಇಷ್ಟೇ ಬಹಳ ದೊಡ್ಡದು ಎನ್ನುವುದು ಬೇರೆ ಮಾತು.

ಮುಂದೆ ಹೋಗುವ ಮುನ್ನ ಒಂದೆರಡು ವಿಷಯ. ಜಗತ್ತಿನ ಬೇರೆ ಬೇರೆ ಕಡೆಯ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದರೆ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಲ್ಲಿ ಸುಮಾರು ಶೇ 5ರಷ್ಟು ಮಂದಿಗೆ ಈ ತೊಂದರೆ ಇದೆ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಆರು ತಿಂಗಳಾದರೂ ಇರಬೇಕು, ಮನೆ ಮತ್ತು ಶಾಲೆ ಹೀಗೆ ಕಡೇಪಕ್ಷ ಎರಡು ಕಡೆ ಕಾಣಬೇಕು, ಅದರಿಂದ ಬದುಕಿಗೆ ಅಡ್ಡಿಯಾಗುತ್ತಿರಬೇಕು. ಇಷ್ಟೂ ಇದ್ದರೆ ಮಾತ್ರ ವೈದ್ಯರು ಆ ಹೆಸರು ಕೊಡುತ್ತಾರೆ. ನಮ್ಮಲ್ಲಿ ಬರೆದುಕೊಡುವ ಉತ್ತೇಜಕ ಮೀಥೈಲ್‌ಫೆನಿಡೇಟ್. ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ತೆಗೆದುಕೊಳ್ಳುವ ಅಡರಾಲ್ ಅಂಫೆಟಮಿನ್ ವರ್ಗದ್ದು. ಎರಡರ ಪರಿಣಾಮ ಹೆಚ್ಚುಕಡಿಮೆ ಒಂದೇ ಆದರೂ ಪ್ರಮಾಣದ ಲೆಕ್ಕ ಬೇರೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ "ನಿಮ್ಮವನಿಗೆ ಎಷ್ಟು ಮಿಲಿಗ್ರಾಂ?" ಎಂದು ಹೋಲಿಸಿಕೊಳ್ಳುವುದು ಬೇಡ.

"ಮೊದಲೇ ಕುಣಿಯುವ ಮಗು, ಉತ್ತೇಜಕ ಕೊಟ್ಟರೆ ಇನ್ನಷ್ಟು ಕುಣಿಯದೆ?"

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತೀರಾ ಆಕಸ್ಮಿಕವಾಗಿ. ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿ ನಡವಳಿಕೆಯ ತೊಂದರೆ ಇರುವ ಮಕ್ಕಳಿಗಾಗಿ ಎಮ್ಮಾ ಪೆಂಡಲ್ಟನ್ ಬ್ರಾಡ್ಲಿ ಹೋಮ್ ಎಂಬ ಆಸ್ಪತ್ರೆಯಿತ್ತು. ಆ ಕಾಲಕ್ಕೆ ಮಿದುಳಿನ ಎಕ್ಸ್‌ರೇ ತೆಗೆಯಬೇಕಾದರೆ ಬೆನ್ನುಹುರಿಯ ದ್ರವವನ್ನು ಹೊರತೆಗೆದು ಅದರ ಜಾಗಕ್ಕೆ ಗಾಳಿ ತುಂಬುತ್ತಿದ್ದರು. ಅದಾದ ಮೇಲೆ ಮಕ್ಕಳಿಗೆ ವಿಪರೀತ ತಲೆನೋವು. ದ್ರವ ಬೇಗ ತುಂಬಿಕೊಳ್ಳಲಿ ಎಂದು ವೈದ್ಯ ಚಾರ್ಲ್ಸ್ ಬ್ರಾಡ್ಲಿ ಬೆಂಜೆಡ್ರಿನ್ ಎಂಬ ಅಂಫೆಟಮಿನ್ ಕೊಟ್ಟು ನೋಡಿದರು. ತಲೆನೋವಿಗೆ ಅದರಿಂದ ಅಂಥ ಪ್ರಯೋಜನವಾಗಲಿಲ್ಲ. ಆದರೆ ಮಕ್ಕಳ ಓದಿನಲ್ಲಿ ಬದಲಾವಣೆ ಕಾಣಿಸಿತು. 30 ಮಕ್ಕಳಿಗೆ ಒಂದು ವಾರ ಕೊಟ್ಟು ಅವರು 1937ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 14 ಮಕ್ಕಳು ತರಗತಿಯ ಕೆಲಸದಲ್ಲಿ ಬೆರಗಾಗುವಷ್ಟು ಸುಧಾರಿಸಿದ್ದರು; ಗಲಾಟೆ ಮಾಡುತ್ತಿದ್ದ ಹಲವರು ಶಾಂತರಾಗಿದ್ದರು. ಪರಿಣಾಮ ಮಾತ್ರೆ ಕೊಟ್ಟ ಮೊದಲ ದಿನವೇ ಕಾಣಿಸಿತು, ನಿಲ್ಲಿಸಿದ ದಿನವೇ ಹೋಯಿತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ. ಈ ಔಷಧಿಯ ಬಲವೂ ಮಿತಿಯೂ ಅದರಲ್ಲೇ ಇದೆ.

ಉತ್ತೇಜಕ ತಿಂದು ಮಗು ಶಾಂತವಾಗುವುದು ವಿಚಿತ್ರ, ಹಾಗಾಗಿ ಈ ಮಕ್ಕಳ ಮಿದುಳೇ ತಿರುವುಮುರುವಾಗಿ ಕೆಲಸ ಮಾಡುತ್ತದೆ ಎಂದು ವೈದ್ಯರೇ ಬಹುಕಾಲ ನಂಬಿದ್ದರು. 1978ರಲ್ಲಿ ಜುಡಿತ್ ರ‍್ಯಾಪಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ 14 ಹುಡುಗರಿಗೆ ಡೆಕ್ಸ್‌ಟ್ರೊ ಅಂಫೆಟಮಿನ್‌ನ ಒಂದು ಡೋಸ್ ಕೊಟ್ಟು ನೋಡಿದರು. ಅವರೂ ಕೈಕಾಲು ಆಡಿಸುವುದು ಕಡಿಮೆಯಾಯಿತು, ಗಮನ ಹೆಚ್ಚಿತು. ಅಂದರೆ ತಿರುವುಮುರುವು ಏನೂ ಇಲ್ಲ. ಮೀಥೈಲ್‌ಫೆನಿಡೇಟ್ ಮಾಡುವುದಿಷ್ಟು: ನರಕೋಶಗಳು ಹೊರಬಿಟ್ಟ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳನ್ನು ಮತ್ತೆ ಒಳಗೆ ಎಳೆದುಕೊಳ್ಳುವ ದಾರಿಗೆ ಅಡ್ಡ ನಿಲ್ಲುತ್ತದೆ. ಅವು ಇನ್ನಷ್ಟು ಹೊತ್ತು ಕೆಲಸ ಮಾಡುತ್ತವೆ. ಹಣೆಯ ಹಿಂದಿರುವ ಮಿದುಳಿನ ಭಾಗಕ್ಕೆ ಇದರಿಂದ ಹೆಚ್ಚಿನ ಲಾಭ. ಮುಂದಿನದನ್ನು ಯೋಚಿಸುವುದು, ಅನಗತ್ಯವಾದದ್ದನ್ನು ತಡೆಯುವುದು ಆ ಭಾಗದ ಕೆಲಸ. ಉತ್ತೇಜನ ಸಿಗುವುದು ತಡೆಯುವವನಿಗೆ. ಆದ್ದರಿಂದ ಕುಣಿತ ಕಡಿಮೆ.

ಈ ಪ್ರಯೋಗದಿಂದ ಇನ್ನೊಂದು ತಪ್ಪೂ ಬಿದ್ದುಹೋಗುತ್ತದೆ. "ಮಾತ್ರೆ ಕೊಟ್ಟು ನೋಡಿ, ಸುಮ್ಮನಾದರೆ ಎಡಿಎಚ್‌ಡಿ ಇದೆ ಅಂತಲೇ ಅರ್ಥ" ಎನ್ನುವವರಿದ್ದಾರೆ. ತೊಂದರೆ ಇಲ್ಲದವರ ಮೇಲೂ ಪರಿಣಾಮ ಆಗುವಾಗ ಅದು ಪರೀಕ್ಷೆಯಾಗುವುದು ಹೇಗೆ?

"ಇದು ಮಂಪರಿನ ಮಾತ್ರೆ, ಮಗುವನ್ನು ಗೊಂಬೆ ಮಾಡುತ್ತದೆ"

ಮಂಪರು ತರಿಸುವ ಔಷಧಿಗಳ ಗುಂಪಿಗೆ ಇದು ಸೇರಿದ್ದೇ ಅಲ್ಲ. ತಡವಾಗಿ ಕೊಟ್ಟರೆ ರಾತ್ರಿ ನಿದ್ದೆಯನ್ನೇ ಕೆಡಿಸುತ್ತದೆ, ನಿದ್ದೆ ತರಿಸುವ ಮಾತು ದೂರ. ಹಾಗಿದ್ದರೂ ಹೆತ್ತವರು ಈ ದೂರು ತರುವುದು ಸುಳ್ಳಲ್ಲ. ಮಾತಿಗೆ ಮಾತಿಲ್ಲ, ನಗು ಕಡಿಮೆ, ಯಾವುದೋ ಯೋಚನೆಯಲ್ಲಿ ಮುಳುಗಿದಂತಿರುತ್ತಾನೆ ಎನ್ನುತ್ತಾರೆ. ಅದು ನಿಜವಾಗಿದ್ದರೆ ಬಹುಪಾಲು ಡೋಸ್ ಹೆಚ್ಚಾಗಿದೆ, ಇಲ್ಲವೇ ಆ ಔಷಧಿ ಆ ಮಗುವಿಗೆ ಹೊಂದುತ್ತಿಲ್ಲ. ಎರಡಕ್ಕೂ ಪರಿಹಾರ ವೈದ್ಯರ ಬಳಿ ಇದೆ. ಮಗು ಮಂಕಾಗಿರುವುದನ್ನು "ಈಗ ಸರಿಹೋಗಿದೆ" ಎಂದು ತಿಳಿದು ಮುಂದುವರಿಸುವುದೇ ನಿಜವಾದ ತಪ್ಪು.

ಈ ತಪ್ಪು ಹೇಗಾಗುತ್ತದೆ ಎನ್ನುವುದನ್ನು 1977ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿತು. ರಾಬರ್ಟ್ ಸ್ಪ್ರೇಗ್ ಮತ್ತು ಎಸ್ತರ್ ಸ್ಲೀಟರ್ ಮಕ್ಕಳಿಗೆ ಮೀಥೈಲ್‌ಫೆನಿಡೇಟನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ಎರಡನ್ನು ಅಳೆದರು: ನೆನಪಿನ ಕೆಲಸವೊಂದರಲ್ಲಿ ಮಗು ಹೇಗೆ ಮಾಡುತ್ತದೆ, ಶಿಕ್ಷಕರ ಕಣ್ಣಿಗೆ ಅದರ ನಡವಳಿಕೆ ಹೇಗಿದೆ. ತೂಕದ ಪ್ರತಿ ಕಿಲೋಗೆ 0.3 ಮಿಲಿಗ್ರಾಂ ಕೊಟ್ಟಾಗ ನೆನಪಿನ ಕೆಲಸ ಚೆನ್ನಾಗಿ ನಡೆಯಿತು. ಒಂದು ಮಿಲಿಗ್ರಾಂಗೆ ಏರಿಸಿದಾಗ ಆ ಲಾಭ ಹೋಯಿತು. ಶಿಕ್ಷಕರು ಮಾತ್ರ ಅತಿ ಹೆಚ್ಚು ಖುಷಿಪಟ್ಟದ್ದು ಆ ಪ್ರಮಾಣದಲ್ಲೇ. ಮುಂದಿನ ಅಧ್ಯಯನಗಳಲ್ಲೆಲ್ಲ ಈ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಸಿಕ್ಕಿಲ್ಲ. ಆದರೂ ಎಚ್ಚರಿಕೆ ಉಳಿಯುತ್ತದೆ: ದೊಡ್ಡವರಿಗೆ ನೆಮ್ಮದಿ ಕೊಡುವ ಡೋಸ್ ಮಗುವಿಗೆ ಒಳ್ಳೆಯದು ಮಾಡುವ ಡೋಸ್‌ಗಿಂತ ದೊಡ್ಡದಿರಬಹುದು. ಹಣೆಯ ಹಿಂದಿನ ಆ ಭಾಗಕ್ಕೆ ಡೋಪಮೈನ್ ಬೇಕಾಗುವುದು ಸಾರಿಗೆ ಉಪ್ಪು ಬೇಕಾದ ಹಾಗೆ. ಕಡಿಮೆಯಾದರೂ ಕೆಡುತ್ತದೆ, ಹೆಚ್ಚಾದರೂ ಕೆಡುತ್ತದೆ. ಆದ್ದರಿಂದಲೇ ಒಳ್ಳೆಯ ವೈದ್ಯರು ಸಣ್ಣ ಪ್ರಮಾಣದಿಂದ ಶುರುಮಾಡಿ, ಶಾಲೆಯ ಅಭಿಪ್ರಾಯ ತರಿಸಿಕೊಂಡು, ನಿಧಾನವಾಗಿ ಏರಿಸುತ್ತಾರೆ. ಮೊದಲ ಭೇಟಿಯಲ್ಲೇ ಲೆಕ್ಕ ಮುಗಿಸುವವರ ಬಗ್ಗೆ ನನಗೆ ಅನುಮಾನ.

"ಮೊಬೈಲ್ ಮುಂದೆ ಎರಡು ಗಂಟೆ ಅಲ್ಲಾಡದೆ ಕೂರ್ತಾನೆ. ಅವನಿಗೆಂಥ ಗಮನದ ತೊಂದರೆ?"

ಅಜ್ಜ ಅಜ್ಜಿಯರ ಪ್ರಶ್ನೆ ಇದು. ಕೇಳಲು ನ್ಯಾಯವಾಗಿಯೇ ಇದೆ. ಎಡಿಎಚ್‌ಡಿಯಲ್ಲಿ ಗಮನವೇ ಇರುವುದಿಲ್ಲ ಎಂದುಕೊಂಡರೆ ಉತ್ತರ ಸಿಗುವುದಿಲ್ಲ. ಗಮನ ಇದೆ, ಅದನ್ನು ಬೇಕಾದ ಕಡೆ, ಬೇಕಾದಷ್ಟು ಹೊತ್ತು ನಿಲ್ಲಿಸುವುದು ಕಷ್ಟ. ಮೊಬೈಲಿನ ಆಟ ಕ್ಷಣಕ್ಕೊಂದು ಬಹುಮಾನ ಕೊಡುತ್ತದೆ. ಮಗ್ಗಿ ಪುಸ್ತಕ ಕೊಡುವುದಿಲ್ಲ.

ಮಾತ್ರೆ ಏನು ಮಾಡುತ್ತದೆ ಎನ್ನುವುದಕ್ಕೆ ಸುಳಿವು ಇಲ್ಲೇ ಇದೆ. ಅಮೆರಿಕದ ನೋರಾ ವೋಲ್ಕೋವ್ ಅವರ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16 ಮಂದಿ ಆರೋಗ್ಯವಂತ ವಯಸ್ಕರಿಗೆ ಮೀಥೈಲ್‌ಫೆನಿಡೇಟ್ ಕೊಟ್ಟು ಗಣಿತದ ಲೆಕ್ಕ ಬಿಡಿಸಲು ಹೇಳಿತು. ಮಿದುಳಿನಲ್ಲಿ ಡೋಪಮೈನ್ ಏರಿತು, ಲೆಕ್ಕ ಆಸಕ್ತಿದಾಯಕ ಎನಿಸಿತು ಎಂದು ಅವರೇ ಹೇಳಿದರು. ಅದೇ ಮಾತ್ರೆ ನುಂಗಿ ಸುಮ್ಮನೆ ನಿಸರ್ಗದ ಚಿತ್ರಗಳನ್ನು ನೋಡುತ್ತ ಕೂತಾಗ ಡೋಪಮೈನ್ ಹಾಗೆ ಏರಲಿಲ್ಲ. ಅಂದರೆ ಔಷಧಿ ಕೆಲಸದ ಜೊತೆ ಕೂಡಿ ದುಡಿಯುತ್ತದೆ. ನೀರಸವಾದ ಕೆಲಸಕ್ಕೆ ಅಷ್ಟಿಷ್ಟು ರುಚಿ ಹತ್ತಿಸುತ್ತದೆ. ನಾವು ಗಮನ ಎಂದು ಹೊರಗಿನಿಂದ ನೋಡುವುದರಲ್ಲಿ ಒಳಗಿನಿಂದ ದೊಡ್ಡ ಪಾಲು ಬೇಸರವನ್ನು ತಡೆದುಕೊಳ್ಳುವ ಶಕ್ತಿ. "ಲೆಕ್ಕ ಬಿಟ್ಟು ಎದ್ದು ಹೋಗಬೇಕು ಅನ್ನಿಸಲಿಲ್ಲ" ಎಂದು ಮಗು ಹೇಳಿದರೆ, ಮಾತ್ರೆಯ ಬಗ್ಗೆ ಅದಕ್ಕಿಂತ ಖಚಿತವಾದ ವರದಿ ಇನ್ನೊಂದು ಬೇಕಿಲ್ಲ.

ಮಾತ್ರೆಯ ಹೊತ್ತು ಮುಗಿದಾಗ ಇದೆಲ್ಲ ಹೊರಟುಹೋಗುತ್ತದೆ. ಸಾಮಾನ್ಯ ಮೀಥೈಲ್‌ಫೆನಿಡೇಟ್ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೆಲಸ ಶುರುಮಾಡಿ ಸುಮಾರು ನಾಲ್ಕು ಗಂಟೆ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಬಗೆಗಳು ಎಂಟರಿಂದ ಹನ್ನೆರಡು ಗಂಟೆ. ಬೆಳಿಗ್ಗೆ ಎಂಟಕ್ಕೆ ಕೊಟ್ಟ ಸಾಮಾನ್ಯ ಮಾತ್ರೆ ಸಂಜೆ ಏಳರ ಹೋಂವರ್ಕಿಗೆ ಉಪಯೋಗವಿಲ್ಲ. "ಮಾತ್ರೆ ಕೊಟ್ಟರೂ ಸಂಜೆ ಅದೇ ರಂಪ" ಎನ್ನುವ ಎಷ್ಟೋ ಮನೆಗಳಲ್ಲಿ ಔಷಧಿ ಸೋತಿಲ್ಲ, ಮುಗಿದಿದೆ. ಕೆಲವು ಮಕ್ಕಳು ಅದು ಇಳಿಯುವ ಹೊತ್ತಿನಲ್ಲಿ ಎಂದಿಗಿಂತ ಹೆಚ್ಚು ಸಿಡುಕುವುದೂ ಉಂಟು.

"ಮಾತ್ರೆ ತಿಂದರೆ ಹೇಳಿದ ಮಾತು ಕೇಳ್ತಾನೆ"

ನಾನು ಅತಿ ಹೆಚ್ಚು ತಕರಾರು ತೆಗೆಯುವುದು ಇದಕ್ಕೆ. ಆತ್ಮಸಂಯಮವೂ ವಿಧೇಯತೆಯೂ ಬೇರೆ ಬೇರೆ. ಮಾತ್ರೆ ಸಹಾಯ ಮಾಡುವುದು ಮೊದಲನೆಯದಕ್ಕೆ.

ಸಂಯಮವನ್ನು ಅಳೆಯಲು ಪ್ರಯೋಗಾಲಯದಲ್ಲಿ ಒಂದು ಸರಳ ಆಟವಿದೆ. ಪರದೆಯ ಮೇಲೆ ಅಕ್ಷರ ಬಂದಾಗ ಗುಂಡಿ ಒತ್ತಬೇಕು, ಆದಷ್ಟು ಬೇಗ. ಆದರೆ ನಡುನಡುವೆ ಬೀಪ್ ಸದ್ದು ಬಂದರೆ ಒತ್ತಬಾರದು. ಕೈ ಹೊರಟಾಗಿದೆ, ಈಗ ಹಿಂತೆಗೆಯಬೇಕು. ಎಡಿಎಚ್‌ಡಿ ಇರುವ ಮಕ್ಕಳಿಗೆ ಸರಾಸರಿಯಲ್ಲಿ ಹೀಗೆ ಹಿಂತೆಗೆಯಲು ಹೆಚ್ಚು ಹೊತ್ತು ಬೇಕು. ಮೀಥೈಲ್‌ಫೆನಿಡೇಟ್ ಆ ಹೊತ್ತನ್ನು ಕಡಿಮೆ ಮಾಡುತ್ತದೆ. ವ್ಯತ್ಯಾಸ ಸೆಕೆಂಡಿನ ಸಣ್ಣ ಭಾಗದಷ್ಟು. ಆದರೆ ಪಕ್ಕದವನು ರಬ್ಬರ್ ಕಿತ್ತುಕೊಂಡಾಗ ಕಪಾಳಕ್ಕೆ ಹೊಡೆಯುವುದೋ "ಮಿಸ್, ನೋಡಿ" ಎನ್ನುವುದೋ ಎಂದು ತೀರ್ಮಾನವಾಗುವುದು ಅಷ್ಟರಲ್ಲೇ. ರಸ್ತೆ ದಾಟುವಾಗ, ಗೆಳೆಯನ ಗುಟ್ಟು ನಾಲಗೆಯ ತುದಿಗೆ ಬಂದಾಗ, ತಂಗಿಯ ಮೇಲೆ ಕೈ ಎತ್ತಿದಾಗ ಬೇಕಾದದ್ದೂ ಆ ಚೂರು ಹೊತ್ತೇ.

ಆ ಬಿಡುವಿನಲ್ಲಿ ಏನು ಮಾಡಬೇಕು ಎಂದು ಮಾತ್ರೆ ಹೇಳಿಕೊಡುವುದಿಲ್ಲ. ಮನೆಯಲ್ಲಿ ಯಾರೂ ಮಾತಾಡಿ ಜಗಳ ಬಗೆಹರಿಸದಿದ್ದರೆ ಮಗು ನಿಂತು, ಯೋಚಿಸಿ, ಆಮೇಲೆ ಹೊಡೆಯಬಹುದು. ಬುದ್ಧಿವಂತ ಹುಡುಗಿ ಗಮನವಿಟ್ಟು ಹಟವನ್ನೂ ಮಾಡಬಹುದು. ತನ್ನ ಮೇಲೆ ತನಗೆ ಹಿಡಿತ ಬಂದ ಮಗು ನಮ್ಮ ಹಿಡಿತಕ್ಕೆ ಬಂದೇ ಬಿಡುತ್ತದೆ ಎಂದೇನಿಲ್ಲ. ಮಾತು ಕೇಳಿಸುವುದಕ್ಕಾಗಿ ಡೋಸ್ ಹೆಚ್ಚಿಸಿ ಎಂದು ಕೇಳುವ ಹೆತ್ತವರಿಗೆ ವೈದ್ಯರು ಖಡಾಖಂಡಿತವಾಗಿ ಇಲ್ಲ ಎನ್ನಬೇಕು.

ಪ್ರಯೋಗಾಲಯದ ಹೊರಗೆ ಈ ಬಿಡುವಿಗೆ ಎಷ್ಟು ಬೆಲೆ? ಸ್ವೀಡನ್ನಿನಲ್ಲಿ ಎಡಿಎಚ್‌ಡಿ ಇರುವ 25,656 ಮಂದಿಯ ನಾಲ್ಕು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದರು. ಒಬ್ಬನನ್ನು ಇನ್ನೊಬ್ಬನ ಜೊತೆ ಹೋಲಿಸದೆ, ಅದೇ ಮನುಷ್ಯ ಔಷಧಿ ತೆಗೆದುಕೊಳ್ಳುತ್ತಿದ್ದ ತಿಂಗಳುಗಳನ್ನು ಬಿಟ್ಟಿದ್ದ ತಿಂಗಳುಗಳ ಜೊತೆ ಹೋಲಿಸಿದ್ದು ಇದರ ವಿಶೇಷ. ಔಷಧಿಯ ಅವಧಿಯಲ್ಲಿ ಅಪರಾಧಕ್ಕೆ ಶಿಕ್ಷೆಯಾಗುವ ಪ್ರಮಾಣ ಗಂಡಸರಲ್ಲಿ ಶೇ 32ರಷ್ಟು, ಹೆಂಗಸರಲ್ಲಿ ಶೇ 41ರಷ್ಟು ಕಡಿಮೆ. ಎಡಿಎಚ್‌ಡಿ ಇರುವವರೆಲ್ಲ ಅಪರಾಧಿಗಳಾಗುತ್ತಾರೆ ಎಂದು ಇದನ್ನು ಓದಬಾರದು. ಬಹುಪಾಲು ಮಂದಿ ಯಾವ ತಂಟೆಗೂ ಹೋಗುವವರಲ್ಲ. ಒಂದು ಕ್ಷಣದ ದುಡುಕಿಗೆ ತೆರಬೇಕಾದ ಬೆಲೆ ದೊಡ್ಡದು, ಆ ದುಡುಕನ್ನು ಔಷಧಿ ತಕ್ಕಮಟ್ಟಿಗೆ ತಡೆಯುತ್ತದೆ ಎಂದಷ್ಟೇ ಓದಬೇಕು.

"ಮಾರ್ಕ್ಸ್ ಬರುತ್ತೆ ಅಂದ್ರು, ಬರಲಿಲ್ಲ"

ಯಾರು ಅಂದರೋ ತಿಳಿಯದು. ಫ್ಲಾರಿಡಾ ಇಂಟರ್‌ನ್ಯಾಷನಲ್ ಯೂನಿವರ್ಸಿಟಿಯ ವಿಲಿಯಂ ಪೆಲಮ್ ತಂಡ ಬೇಸಿಗೆ ಶಿಬಿರದಲ್ಲಿ 7ರಿಂದ 12 ವರ್ಷದ 173 ಮಕ್ಕಳಿಗೆ ಹೊಸ ಪದಗಳನ್ನೂ ವಿಜ್ಞಾನ, ಸಮಾಜದ ಪಾಠಗಳನ್ನೂ ಕಲಿಸಿತು. ಪ್ರತಿ ಮಗುವೂ ಕೆಲವು ವಾರ ಮೀಥೈಲ್‌ಫೆನಿಡೇಟ್, ಕೆಲವು ವಾರ ಔಷಧಿಯಿಲ್ಲದ ಮಾತ್ರೆ ತೆಗೆದುಕೊಂಡಿತು. ಔಷಧಿ ಇದ್ದಾಗ ಮಕ್ಕಳು ನಿಮಿಷಕ್ಕೆ ಮೂರನೇ ಒಂದು ಭಾಗಕ್ಕೂ ಮೀರಿ ಹೆಚ್ಚು ಲೆಕ್ಕ ಮಾಡಿದರು, ತರಗತಿಯ ನಿಯಮ ಮುರಿಯುವುದು ಸುಮಾರು ಅರ್ಧಕ್ಕೆ ಇಳಿಯಿತು. ಆದರೆ ಹೊಸ ಪಾಠ ಕಲಿತದ್ದರಲ್ಲಿ ವ್ಯತ್ಯಾಸ ಸಿಗಲಿಲ್ಲ. 2022ರಲ್ಲಿ ಬಂದ ಈ ಫಲಿತಾಂಶ ಹಲವರಿಗೆ ನಿರಾಸೆ ತಂದಿತು. ನನಗೆ ಅದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಗೊತ್ತಿರುವುದನ್ನು ಕೂತು ಮಾಡಿ ಮುಗಿಸುವುದು ಒಂದು, ಗೊತ್ತಿಲ್ಲದ್ದನ್ನು ಕಲಿಯುವುದು ಇನ್ನೊಂದು. ಮೂರನೇ ತರಗತಿಯಲ್ಲಿ ಭಾಗಾಕಾರ ತಪ್ಪಿಹೋದ ಮಗುವಿಗೆ ಆರನೇ ತರಗತಿಯಲ್ಲಿ ಮಾತ್ರೆ ಕೊಟ್ಟರೆ ಭಾಗಾಕಾರ ಬರುವುದಿಲ್ಲ. ಯಾರಾದರೂ ಪಕ್ಕದಲ್ಲಿ ಕೂತು ಹೇಳಿಕೊಡಬೇಕು. ಹೇಳಿಕೊಡುವಾಗ ಅದು ಕೂತಿರುತ್ತದೆ ಎನ್ನುವುದೇ ಮಾತ್ರೆಯ ಲಾಭ.

ದೊಡ್ಡ ಅಧ್ಯಯನವೊಂದು ಇದನ್ನೇ ಬೇರೆ ರೀತಿ ಹೇಳುತ್ತದೆ. 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳು ನೋಡಿದ, 1999ರಲ್ಲಿ ಫಲಿತಾಂಶ ಬಂದ ಎಂಟಿಎ ಅಧ್ಯಯನ ಅದು. ಗಮನ, ಚಡಪಡಿಕೆ, ದುಡುಕು, ಇವಿಷ್ಟರ ಮಟ್ಟಿಗೆ ಎಚ್ಚರಿಕೆಯಿಂದ ಕೊಟ್ಟ ಔಷಧಿ ನಡವಳಿಕೆ ತರಬೇತಿಯನ್ನು ಮೀರಿಸಿತು. ಹೆತ್ತವರ ಜೊತೆಗಿನ ಸಂಬಂಧ, ಗೆಳೆತನ, ಆತಂಕ, ಓದು ಇವುಗಳ ವಿಷಯಕ್ಕೆ ಬಂದರೆ ಎರಡನ್ನೂ ಸೇರಿಸಿ ಕೊಟ್ಟ ಗುಂಪು ಒಳ್ಳೆಯ ಸ್ಥಿತಿಯಲ್ಲಿತ್ತು, ಅದೂ ಕಡಿಮೆ ಡೋಸ್‌ನಲ್ಲಿ. ಮೂರು ವರ್ಷ ತುಂಬುವ ಹೊತ್ತಿಗೆ ಗುಂಪುಗಳ ನಡುವಿನ ವ್ಯತ್ಯಾಸ ಕರಗಿಹೋಗಿತ್ತು. ಅಷ್ಟರಲ್ಲಿ ಅಧ್ಯಯನದ ಚಿಕಿತ್ಸೆ ಮುಗಿದು ಕೆಲವರು ಔಷಧಿ ಬಿಟ್ಟಿದ್ದರು, ಕೆಲವರು ಹೊಸದಾಗಿ ಹಿಡಿದಿದ್ದರು. ಆದ್ದರಿಂದ ಔಷಧಿ ಸೋತಿತು ಎಂದು ನೇರವಾಗಿ ಹೇಳಲಾಗದು. ಆದರೆ ಒಂದು ವರ್ಷ ಕೊಟ್ಟ ಮಾತ್ರೆ ಮುಂದಿನ ವರ್ಷಗಳಿಗೂ ಠೇವಣಿಯಾಗುತ್ತದೆ ಎಂಬ ಆಸೆಯನ್ನು ಬಿಡಲೇಬೇಕು.

"ಎಡಿಎಚ್‌ಡಿ ಇಲ್ಲದವರು ತೆಗೆದುಕೊಂಡರೆ ಸೂಪರ್ ಜಾಣರಾಗುತ್ತಾರೆ"

ಹಾಸ್ಟೆಲ್ ಉಪದೇಶಕ್ಕೆ ಬರೋಣ. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 40 ಮಂದಿ ಆರೋಗ್ಯವಂತರಿಗೆ ಮೀಥೈಲ್‌ಫೆನಿಡೇಟ್, ಡೆಕ್ಸ್‌ಟ್ರೊ ಅಂಫೆಟಮಿನ್, ಮೊಡಾಫಿನಿಲ್ ಅಥವಾ ಬರೀ ಹುಸಿ ಮಾತ್ರೆ ಕೊಟ್ಟು ಕಠಿಣವಾದ ಒಗಟು ಬಿಡಿಸಲು ಹೇಳಿದರು. ಒಂದು ಚೀಲ ಇದೆ, ತೂಕದ ಮಿತಿ ಇದೆ, ಯಾವ ಯಾವ ವಸ್ತು ತುಂಬಿದರೆ ಹೆಚ್ಚು ಬೆಲೆ ಬಂದೀತು ಎನ್ನುವ ಬಗೆಯದು. ಔಷಧಿ ತೆಗೆದುಕೊಂಡವರು ಹೆಚ್ಚು ಹೊತ್ತು ಹೆಣಗಿದರು, ಹೆಚ್ಚು ಬಾರಿ ತೆಗೆದು ಹಾಕಿ ಮಾಡಿದರು. ಆದರೆ ಆ ಹೆಣಗಾಟದ ಗುಣಮಟ್ಟ ಕುಸಿಯಿತು. ದಿಕ್ಕಿಲ್ಲದ ಪ್ರಯತ್ನವೇ ಹೆಚ್ಚಾಯಿತು. ಮಾತ್ರೆಯಿಲ್ಲದೆ ಚೆನ್ನಾಗಿ ಮಾಡುತ್ತಿದ್ದವರು ಮಾತ್ರೆಯ ಮೇಲೆ ಸರಾಸರಿಗಿಂತ ಕೆಳಗಿಳಿದದ್ದೂ ಉಂಟು. ಚೆನ್ನಾಗಿ ಓದುತ್ತಿದ್ದೇನೆ ಎಂಬ ಭಾವನೆ ಸಿಗುತ್ತದೆ, ಓದಿದ್ದು ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಜೊತೆಗೆ ಕಳೆದುಕೊಂಡ ನಿದ್ದೆ. ಕಲಿತದ್ದು ನೆನಪಿನಲ್ಲಿ ನೆಲೆಯೂರಲು ನಿದ್ದೆ ಬೇಕು ಎನ್ನುವುದನ್ನು ಸಿಇಟಿ, ನೀಟ್ ಬರೆಯುವವರಿಗೆ ಯಾರಾದರೂ ಗಟ್ಟಿಯಾಗಿ ಹೇಳಬೇಕು.

ಕಾನೂನಿನ ಮಾತೂ ಇದೆ. ಮೀಥೈಲ್‌ಫೆನಿಡೇಟ್ ನಮ್ಮ ದೇಶದಲ್ಲಿ ಬಿಗಿ ನಿಯಂತ್ರಣದ ಔಷಧಿಗಳ ಶೆಡ್ಯೂಲ್ ಎಕ್ಸ್‌ಗೆ ಸೇರಿದೆ, ಮಾದಕ ವಸ್ತುಗಳ ಕುರಿತಾದ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲೂ ಇದೆ. ವೈದ್ಯರು ಚೀಟಿಯನ್ನು ಎರಡು ಪ್ರತಿ ಬರೆಯಬೇಕು. ಅಂಗಡಿಯವರು ಒಂದನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಇದನ್ನು ಮಾರುವ ಪರವಾನಗಿ ಇರುವ ಅಂಗಡಿಗಳು ಕಡಿಮೆ. ಚೀಟಿ ಹಿಡಿದು ನಾಲ್ಕು ಮೆಡಿಕಲ್ ಶಾಪ್ ಅಲೆದ ತಂದೆಗೆ, ಅಂಗಡಿಯವನು ಒಂಥರಾ ನೋಡಿ "ಇದು ನಮ್ಮಲ್ಲಿ ಇಡಲ್ಲ ಸರ್" ಎಂದಾಗ, ಮಗುವಿಗೆ ವಿಷವನ್ನೇ ಕೊಡುತ್ತಿದ್ದೇನೆ ಅನ್ನಿಸಿದರೆ ತಪ್ಪೇನಿಲ್ಲ. ಈ ಬಿಗಿ ಇರುವುದು ಔಷಧಿ ದುರುಪಯೋಗವಾಗಬಾರದು ಎಂದು. ವೈದ್ಯರು ಹೇಳಿದಂತೆ ಕೊಡುವ ಹೆತ್ತವರನ್ನು ಹೆದರಿಸಲು ಅಲ್ಲ.

"ಚಟ ಹತ್ತುತ್ತದೆ, ಮುಂದೆ ಡ್ರಗ್ಸ್ ದಾರಿ ಹಿಡಿಯುತ್ತಾನೆ"

ಹೆದರಿಕೆಗೆ ಆಧಾರ ಇಲ್ಲದಿಲ್ಲ: ಪುಡಿ ಮಾಡಿ ಮೂಗಿಗೆ ಏರಿಸಿದರೆ, ಚುಚ್ಚಿಕೊಂಡರೆ ಈ ಔಷಧಿಯೂ ಅಮಲು ಕೊಡುತ್ತದೆ. ಅಮಲು ಹುಟ್ಟುವುದು ಮಿದುಳಿನಲ್ಲಿ ಡೋಪಮೈನ್ ಎಷ್ಟು ಏರುತ್ತದೆ ಎನ್ನುವುದಕ್ಕಿಂತ ಎಷ್ಟು ಬೇಗ ಏರುತ್ತದೆ ಎನ್ನುವುದರಿಂದ. ನುಂಗಿದ ಮಾತ್ರೆ ಮಿದುಳಿನಲ್ಲಿ ಗರಿಷ್ಠ ಮಟ್ಟ ಮುಟ್ಟಲು ಒಂದು ಗಂಟೆಗಿಂತ ಹೆಚ್ಚು ಬೇಕು. ಚುಚ್ಚಿಕೊಂಡದ್ದು ನಿಮಿಷಗಳಲ್ಲಿ ಮುಟ್ಟುತ್ತದೆ. ಚಿಕಿತ್ಸೆ ಪಡೆದ ಮಕ್ಕಳು ದೊಡ್ಡವರಾದ ಮೇಲೆ ಏನಾದರು ಎಂದು 15 ದೀರ್ಘಾವಧಿ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ನೋಡಿದಾಗ, ಮದ್ಯ, ತಂಬಾಕು, ಮಾದಕ ವಸ್ತುಗಳ ಚಟ ಉತ್ತೇಜಕದಿಂದ ಹೆಚ್ಚಿದ್ದೂ ಕಾಣಲಿಲ್ಲ, ಕಡಿಮೆಯಾದದ್ದೂ ಕಾಣಲಿಲ್ಲ. ರಕ್ಷೆ ಕೊಡುತ್ತದೆ ಎಂದು ಹಿಂದೆ ಬಂದಿದ್ದ ಸಿಹಿಸುದ್ದಿಯನ್ನೂ ಆದ್ದರಿಂದ ಅರ್ಧ ನಂಬಿದರೆ ಸಾಕು. ಮನೆಯಲ್ಲಿ ಮಾಡಬೇಕಾದದ್ದು ಇಷ್ಟೇ: ಮಾತ್ರೆಯ ಪಟ್ಟಿ ದೊಡ್ಡವರ ಕೈಯಲ್ಲಿರಲಿ, ಎಣಿಕೆ ಇರಲಿ.

"ಎತ್ತರ ಬೆಳೆಯುವುದಿಲ್ಲ, ಹೃದಯಕ್ಕೆ ಪೆಟ್ಟು"

ಇದನ್ನು ಪೂರ್ತಿ ತಪ್ಪು ಎಂದು ಬರೆದರೆ ನಾನೇ ತಪ್ಪು ಬರೆದಂತೆ. ಹಸಿವು ಕಡಿಮೆಯಾಗುವುದು ನಿಜ, ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬರುತ್ತದೆ. ಎಂಟಿಎ ಅಧ್ಯಯನದಲ್ಲಿ ಮೂರು ವರ್ಷ ಔಷಧಿ ತೆಗೆದುಕೊಂಡ ಮಕ್ಕಳು ತೆಗೆದುಕೊಳ್ಳದವರಿಗಿಂತ ಸುಮಾರು 2 ಸೆಂಟಿಮೀಟರ್ ಕಡಿಮೆ ಎತ್ತರವಿದ್ದರು, ತೂಕ ಸುಮಾರು 2.7 ಕಿಲೋ ಕಡಿಮೆ. ಎತ್ತರದ ಈ ವ್ಯತ್ಯಾಸ ಬಹುಕಾಲ ಬಿಡದೆ ತೆಗೆದುಕೊಂಡವರಲ್ಲಿ ದೊಡ್ಡವರಾದ ಮೇಲೂ ಉಳಿಯಿತು. ಮಾತ್ರೆಗೆ ಮುಂಚೆ ಗಟ್ಟಿಯಾದ ತಿಂಡಿ, ಅದು ಇಳಿದ ಮೇಲೆ ರಾತ್ರಿ ಹೊಟ್ಟೆ ತುಂಬ ಊಟ, ಪ್ರತಿ ಭೇಟಿಯಲ್ಲೂ ಎತ್ತರ ತೂಕದ ದಾಖಲೆ, ಇವನ್ನು ಬಿಡಬಾರದು.

ಹೃದಯದ ವಿಷಯ: ನಾಡಿ ಬಡಿತ, ರಕ್ತದೊತ್ತಡ ಸ್ವಲ್ಪ ಏರುತ್ತವೆ. ಅಮೆರಿಕದ 12 ಲಕ್ಷ ಮಕ್ಕಳು ಮತ್ತು ಯುವಕರ ದಾಖಲೆಗಳನ್ನು ನೋಡಿದ 2011ರ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹಠಾತ್ ಸಾವು ಹೆಚ್ಚಿದ್ದು ಕಾಣಲಿಲ್ಲ. ಬಹಳ ವರ್ಷ ತೆಗೆದುಕೊಂಡವರಲ್ಲಿ ರಕ್ತದೊತ್ತಡದ ಕಾಯಿಲೆಯ ಅಪಾಯ ಹೆಚ್ಚು ಎಂದು ಸ್ವೀಡನ್ನಿನ ಈಚಿನ ಅಧ್ಯಯನವೊಂದು ಹೇಳಿದೆ. ಮಗುವಿಗೆ ಹೃದಯದ ತೊಂದರೆ ಇದ್ದರೆ, ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಯಾರಾದರೂ ಹಠಾತ್ತಾಗಿ ತೀರಿಕೊಂಡಿದ್ದರೆ ಶುರುಮಾಡುವ ಮುಂಚೆಯೇ ಹೇಳಿ. ವೈದ್ಯರು ಕೇಳದಿದ್ದರೂ ಹೇಳಿ.

"ಒಮ್ಮೆ ಹಿಡಿದರೆ ಜೀವನಪೂರ್ತಿ"

ಹಾಗೇನಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಎರಡು ವರ್ಷಕ್ಕೂ ಮೀರಿ ಮೀಥೈಲ್‌ಫೆನಿಡೇಟ್ ತೆಗೆದುಕೊಂಡಿದ್ದ 94 ಮಕ್ಕಳಲ್ಲಿ ಕೆಲವರಿಗೆ ತಿಳಿಯದಂತೆ ಔಷಧಿಯ ಬದಲು ಹುಸಿ ಮಾತ್ರೆ ಕೊಟ್ಟು ನೋಡಿದರು. ಹುಸಿ ಮಾತ್ರೆಯವರಲ್ಲಿ ಸುಮಾರು ಶೇ 40 ಮಂದಿ ಹದಗೆಟ್ಟರು. ಔಷಧಿ ಮುಂದುವರಿಸಿದವರಲ್ಲಿ ಸುಮಾರು ಶೇ 16. ಅಂದರೆ ಹಲವರಿಗೆ ಔಷಧಿ ಇನ್ನೂ ಬೇಕಿತ್ತು, ಹಲವರಿಗೆ ಬೇಕಿರಲಿಲ್ಲ. ಯಾರು ಯಾವ ಗುಂಪಿನವರು ಎಂದು ತಿಳಿಯಬೇಕಾದರೆ ವರ್ಷಕ್ಕೊಮ್ಮೆ ವೈದ್ಯರ ಕಣ್ಣೆದುರು ಬಿಟ್ಟು ನೋಡಬೇಕು. ಪರೀಕ್ಷೆಯ ತಿಂಗಳಲ್ಲಿ ಬೇಡ.

"ಒಂದೆಲಗ ಇರುವಾಗ ಇದೆಲ್ಲ ಯಾಕೆ?"

ಒಂದೆಲಗದ ತಂಬುಳಿ ನನಗೂ ಇಷ್ಟ. ಮಗುವಿಗೂ ಬಡಿಸಿ. ಆದರೆ ದುಡುಕನ್ನು ತಡೆಯುವಲ್ಲಿ ಅದು ಮೀಥೈಲ್‌ಫೆನಿಡೇಟ್‌ಗೆ ಸಮ ಎಂದು ತೋರಿಸುವ ಗಟ್ಟಿ ಪುರಾವೆ ಇಲ್ಲ. ಉತ್ತೇಜಕ ಒಗ್ಗದ ಮಕ್ಕಳಿಗೆ ಅಟೊಮಾಕ್ಸೆಟಿನ್‌ನಂಥ ಬೇರೆ ಔಷಧಿಗಳಿವೆ. ಐದು ವರ್ಷದ ಕೆಳಗಿನವರಿಗಾದರೆ ಮೊದಲು ಹೆತ್ತವರಿಗೆ ತರಬೇತಿ, ಮಾತ್ರೆ ಆಮೇಲಿನ ಮಾತು.

ಶಿಕ್ಷಕರಲ್ಲಿ ಒಂದು ಕೋರಿಕೆ. ಔಷಧಿ ಕೆಲಸ ಮಾಡುವ ಹೊತ್ತಿನಲ್ಲಿ ಮಗು ಇರುವುದು ನಿಮ್ಮ ಕಣ್ಣೆದುರು, ಹೆತ್ತವರ ಎದುರಲ್ಲ. ಎಷ್ಟು ಸುಮ್ಮನಿದ್ದ ಎಂದು ಬರೆಯಬೇಡಿ; ಹಿಡಿದ ಕೆಲಸ ಮುಗಿಸಿದನೆ, ಸರದಿಗೆ ಕಾದನೆ, ಎಂದಿನಂತೆ ನಕ್ಕನೆ, ಊಟ ಮಾಡಿದನೆ ಎಂದು ವಾರಕ್ಕೊಮ್ಮೆ ನಾಲ್ಕು ಸಾಲು ಬರೆದುಕೊಡಿ. ಡೋಸ್ ತೀರ್ಮಾನಿಸಲು ವೈದ್ಯರಿಗೆ ಬೇಕಾದದ್ದು ಅದೇ. "ಇವತ್ತು ಮಾತ್ರೆ ತಗೊಂಡಿಲ್ವೇನೋ?" ಎಂದು ತರಗತಿಯ ಎದುರು ಕೇಳಬೇಡಿ. ಹೆತ್ತವರು ಪಕ್ಕದ ಮನೆಯವರ ಮಾತು ಕೇಳಿ ಶುರುಮಾಡುವುದೂ ಬೇಡ, ಪಕ್ಕದ ಮನೆಯವರ ಮಾತು ಕೇಳಿ ನಿಲ್ಲಿಸುವುದೂ ಬೇಡ. ಎಲ್ಲಿಗೆ ಹೋಗಬೇಕು ಎಂದು ತೋಚದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.